ಕುಲ್ಸುಮ್ ಖಾಲಾ ನಂಬದೆ ಹೋದ ಒಂದು ಫೋನು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹುಮನಾಬಾದ ಬಸ್ ನಿಲ್ದಾಣದಲ್ಲಿ ಕುಲ್ಸುಮ್ ಬೀ ನಿಂತಲ್ಲಿ ನಿಲ್ಲುತ್ತಿಲ್ಲ. ಬುರ್ಖಾದ ಮೇಲೊಂದು ಹಳೆಯ ಸ್ವೆಟರ್, ಕಾಲಲ್ಲಿ ಒಂದಕ್ಕೊಂದು ಜೋಡಿಯಾಗದ ಚಪ್ಪಲಿ. ಕತ್ತಲಲ್ಲಿ ಸಿಕ್ಕಿದ್ದನ್ನು ಮೆಟ್ಟಿಕೊಂಡು ಬಂದಿದ್ದಾರೆ. ಈ ತುದಿಯಿಂದ ಆ ತುದಿಗೆ ನಡೆಯುತ್ತಾರೆ, ನಿಂತ ಪ್ರತಿ ಬಸ್ಸಿನ ಕಿಟಕಿಗೂ ಕತ್ತು ಚಾಚಿ ಇಣುಕುತ್ತಾರೆ.

“ಕಲ್ಯಾಣದ ಬಸ್ ಹೋತೇನ್ರಿ?”

“ಈಗರೆ ಹೋತು, ಖಾಲಾ. ಯಾಕ, ಇವತ್ತ ಯಾರು ಓಡಿದ್ರು?” ಚಹಾದ ಅಂಗಡಿಯ ನಸೀರ್ ನಗುತ್ತಾ ಕೇಳುತ್ತಾರೆ. ದಿನಾ ಆಗಿದ್ದರೆ ಖಾಲಾ ಕೂಡ ತಿರುಗಿ ಏನಾದರೂ ಅನ್ನುತ್ತಿದ್ದರು. ಇವತ್ತು ಹಾಗಲ್ಲ, ಮುಂದಿನ ಬಸ್ಸು ಬಂದು ನಿಲ್ಲುವ ಮೊದಲೇ ಬಾಗಿಲ ಕಂಬಿ ಹಿಡಿದಿದ್ದಾರೆ.

ಊರ ಹೊರಗೆ ಬಡವರ ಮಕ್ಕಳಿಗೆ ಉಚಿತವಾಗಿ ಉದ್ಯೋಗ ಕಲಿಸುವ ವಸತಿ ಕೇಂದ್ರವೊಂದಿದೆ. ಮೂರು ತಿಂಗಳು ಊಟ, ಹಾಸಿಗೆ, ಪಾಠ ಎಲ್ಲ ಪುಕ್ಕಟೆ. ಹೊಲಿಗೆ, ವೈರಿಂಗು, ರೋಗಿಗಳ ಆರೈಕೆ, ಮೋಟಾರ್ ವೈಂಡಿಂಗು ಕಲಿಸುತ್ತಾರೆ. ಅಲ್ಲಿನ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಈ ಕುಲ್ಸುಮ್ ಬೀ, ಎಲ್ಲರ ಬಾಯಲ್ಲೂ ಖಾಲಾ, ಅಂದರೆ ಚಿಕ್ಕಮ್ಮ. ಬಸವಕಲ್ಯಾಣದ ಹಳೇ ಮೊಹಲ್ಲಾದವರು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ರೊಟ್ಟಿ ಬಡಿಯಲು ಬಂದರು. ಒಮ್ಮೆ ಇಡೀ ಹಾಸ್ಟೆಲಿಗೆ ಜ್ವರ ಬಂದಾಗ ಒಬ್ಬರೇ ನಿಂತು ಎಲ್ಲರನ್ನೂ ನೋಡಿಕೊಂಡರು. ಅಂದಿನಿಂದ ಕೀಲಿಕೈ ಇವರ ಸೊಂಟಕ್ಕೆ ಬಂತು.

ಉಚಿತ ಎಂದರೆ ಜನಕ್ಕೆ ಖುಷಿಯಾಗುತ್ತದೆ ಅಂದುಕೊಂಡಿದ್ದೀರಾ? ಅಯ್ಯೋ, ಮೊದಲು ಹುಟ್ಟುವುದೇ ಅನುಮಾನ! ಹಳ್ಳಿಖೇಡ, ಚಿಟಗುಪ್ಪದ ಓಣಿ ಓಣಿ ಸುತ್ತಿ ಹುಡುಗಿಯರನ್ನು ಕಳಿಸಿರೆಂದು ಕೇಳುವ ಕೆಲಸವೂ ಖಾಲಾನ ತಲೆಗೇ. “ಒಬ್ಬಾಕಿ ಕೇಳಿದ್ಳು, ಫುಕಟ್ ಉಣ್ಣಾಕ ಹಾಕತೀರಲ್ಲ, ಪೋರಿ ಕಿಡ್ನಿ ತಗೀತೀರೇನು ಅಂತ. ನಾ ಅಂದೆ, ಅವ್ವಾ, ಮೊದಲ ನಂದು ತಗದು ನೋಡು, ಇದ್ರ ಹೇಳು!” ಎನ್ನುತ್ತಾರೆ ಖಾಲಾ.

ಹೀಗೆ ಕಾಡಿ ಬೇಡಿ ತಂದ ಹುಡುಗಿಯರು ಮೊದಲ ವಾರದಲ್ಲೇ ಮನೆಯ ನೆನಪಾಗಿ ಓಡುತ್ತಾರೆ. ಖಾಲಾ ತಡೆಯುವುದಿಲ್ಲ. ಅದೇ ಬಸ್ಸು ಹತ್ತಿ ಹುಡುಗಿಯ ಜೊತೆ ಅವಳ ಮನೆಗೇ ಹೋಗುತ್ತಾರೆ, ಅಲ್ಲೇ ಕೂತು ಉಣ್ಣುತ್ತಾರೆ, ಸಂಜೆ ಅವಳನ್ನು ಕರೆದುಕೊಂಡೇ ಬರುತ್ತಾರೆ. ಬೈದು ಕರೆತಂದವಳು ಮತ್ತೆ ಓಡುತ್ತಾಳೆ, ಉಂಡು ಕರೆತಂದವಳು ನಿಲ್ಲುತ್ತಾಳೆ ಎಂಬುದು ಅವರ ಲೆಕ್ಕ.

ಆದರೆ ಈ ದಿನ ಓಡಿದ್ದು ಹೊಸಬಳಲ್ಲ. ರಾಜೇಶ್ವರ ಎಂಬ ಊರಿನ ಮನೀಷಾ. ಮೋಟಾರ್ ವೈಂಡಿಂಗಿನ ತರಗತಿಯಲ್ಲಿರುವ ಒಬ್ಬಳೇ ಹುಡುಗಿ. ಸುಟ್ಟ ಪಂಪಿನ ಮೋಟಾರನ್ನು ಬಿಚ್ಚಿ, ತಾಮ್ರದ ತಂತಿ ಹೊಸದಾಗಿ ಸುತ್ತಿ, ಮತ್ತೆ ತಿರುಗಿಸಿ ತೋರಿಸುವವಳು. ಮೂರು ತಿಂಗಳು ಮುಗಿದಿದೆ, ಇವತ್ತು ಮಧ್ಯಾಹ್ನ ಹೊರಗಿನ ಪರೀಕ್ಷಕರು ಬರುತ್ತಾರೆ. ತಪ್ಪಿದರೆ ಪ್ರಮಾಣಪತ್ರವಿಲ್ಲ, ಕಾದಿರುವ ನೌಕರಿಯೂ ಇಲ್ಲ. ನಸುಕಿನಲ್ಲಿ ನೋಡಿದರೆ ಹಾಸಿಗೆ ಖಾಲಿ, ಮಂಚದ ಕೆಳಗಿನ ಅವಳ ಬಕೇಟೂ ಇಲ್ಲ. ಮನೆಯಿಂದ ತಂದ ಬಕೇಟನ್ನು ಹುಡುಗಿ ವಾಪಸು ಒಯ್ದಳೆಂದರೆ ಮರಳುವ ಮನಸ್ಸಿಲ್ಲ ಎಂದೇ ಅರ್ಥ.

ಓಡಿದ್ದು ಯಾಕೆಂದು ಖಾಲಾಗೆ ಗೊತ್ತು. ಅದಕ್ಕೇ ಬಸ್ಸಿನಲ್ಲಿ ಜಾಗವಿದ್ದರೂ ಕೂರಲಾಗುತ್ತಿಲ್ಲ.

ತರಗತಿಯ ಹೊತ್ತಿನಲ್ಲಿ ಹುಡುಗಿಯರ ಮೊಬೈಲುಗಳು ಖಾಲಾನ ಕಪಾಟಿನಲ್ಲಿರುತ್ತವೆ, ಮನೆಯವರ ಕರೆಗಳು ಖಾಲಾಗೇ ಬರುತ್ತವೆ. ಕರೆಗಳಲ್ಲಿ ಅರ್ಧದಷ್ಟು ಒಂದೇ ರಾಗ: ಅಜ್ಜಿಗೆ ಆರಾಮಿಲ್ಲ, ಕಳಿಸಿ. ಹಿಂದೊಮ್ಮೆ ಚಿಟಗುಪ್ಪದ ಮೀನಾಜಳನ್ನು ಹೀಗೇ ಕರೆಸಿಕೊಂಡಿದ್ದರು. ಗಾಬರಿಯಿಂದ ಹೋದರೆ ಸಾಯಲು ಮಲಗಿದ್ದ ಅಜ್ಜಿಯೇ ಮೆಹಂದಿ ಹಚ್ಚಿದ ಕೈಯಲ್ಲಿ ಬಾಗಿಲು ತೆಗೆದಳಂತೆ! ಒಳಗೆ ಮೀನಾಜಳ ನಿಕಾಹದ ಮಾತುಕತೆ ನಡೆದಿತ್ತು. ಅವಳು ತಿರುಗಿ ಬರಲೇ ಇಲ್ಲ. ಆಮೇಲೆ ಖಾಲಾ ಒಂದು ಪದ್ಧತಿ ಹಿಡಿದರು. ಯಾರು ಕರೆ ಮಾಡಿದರೂ “ಆಯ್ತ್ರಿ, ಕಳಸ್ತೀನಿ” ಅನ್ನುವುದು, ಹುಡುಗಿಗೆ ಹೇಳದೆ ಸುಮ್ಮನಿರುವುದು. “ಖರೇ ಇದ್ರ ಮತ್ತ ಫೋನ್ ಮಾಡತಾರ, ಸುಳ್ಳಿದ್ರ ಸುಮ್ನಾಗತಾರ. ಹಿಂಗ ಎಷ್ಟ ಪೋರಿಗೋಳ ಕಲಿಯೂದು ಉಳಸೀನಿ, ನಾನs ಉಳಸೀನಿ,” ಎಂದು ಹೋದ ವಾರವಷ್ಟೇ ಜಂಬದಿಂದ ಹೇಳಿದ್ದರು.

ನಿನ್ನೆ ಮನೀಷಾಳ ತಂದೆ ಸಂಘರತ್ನ ಫೋನ್ ಮಾಡಿದ್ದರು. ಅಜ್ಜಿಗೆ ಆರಾಮಿಲ್ಲ, ಕಲ್ಯಾಣದ ದವಾಖಾನೆಗೆ ತಂದಿದ್ದೇವೆ ಎಂದರು. ಪರೀಕ್ಷೆಯ ಹಿಂದಿನ ದಿನವೇ ಅಜ್ಜಿಗೆ ಆರಾಮಿಲ್ಲವೇ? ಖಾಲಾ ಒಳಗೊಳಗೇ ನಕ್ಕು, ಕಳಸ್ತೀನಿ ಅಂದರು. ಮತ್ತೆ ಫೋನ್ ಬರಲಿಲ್ಲ. ಸಂಜೆ ಮೊಬೈಲು ಕೈಗೆ ಸಿಕ್ಕಾಗ ಮನೀಷಾಗೆ ನೆರೆಮನೆಯವರಿಂದ ಸುದ್ದಿ ತಿಳಿದಿದೆ. ಪಕ್ಕದ ಹಾಸಿಗೆಯವಳಿಗೆ ಮಾತ್ರ ಹೇಳಿ, ಖಾಲಾನ ಮುಖವನ್ನೂ ನೋಡದೆ ಮೊದಲ ಬಸ್ಸಿಗೆ ಹೋಗಿದ್ದಾಳೆ.

ಬಸವಕಲ್ಯಾಣದ ದವಾಖಾನೆಯ ಹೆಣ್ಣುಮಕ್ಕಳ ವಾರ್ಡಿನ ಬಾಗಿಲಲ್ಲಿ ಖಾಲಾ ಚಪ್ಪಲಿ ಬಿಟ್ಟು ಒಳಗೆ ನೋಡುತ್ತಾರೆ. ಮಂಚದ ಮೇಲೆ ಅಜ್ಜಿ ದ್ರೌಪತಿ. ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದಿವೆ. ತಾಯಿಯಿಲ್ಲದ ಮನೀಷಾಳನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಮೊಮ್ಮಗಳು ತಲೆಯ ಬಳಿ ಕೂತಿದ್ದಾಳೆ. ತಿರುಗಿ ನೋಡುವುದಿಲ್ಲ.

ಸಂಘರತ್ನ ಎದ್ದು ಬಂದು ಮೆಲ್ಲಗೆ ಹೇಳುತ್ತಾರೆ, “ನಿನ್ನಿ ಮಧ್ಯಾಹ್ನ ತೊದಲಕೋತ ಮಾತಾಡತಿದ್ಳು ಅಕ್ಕಾ. ಮನೀಷಾ ಬಂದ್ಳೇನು, ಬಂದ್ಳೇನು ಅಂತ ಕೇಳತಿದ್ಳು. ನಾ ಬಸ್ಟ್ಯಾಂಡಿಗೆ ಹೋಗಿ ಹುಮನಾಬಾದದ ಪ್ರತಿ ಬಸ್ ನೋಡೀನಿ. ಸಂಜಿಗಿ ಮಾತs ನಿಂತು.”

“ಮತ್ತೊಮ್ಮೆ ಯಾಕ ಫೋನ್ ಮಾಡ್ಲಿಲ್ಲ ಅಣ್ಣಾ?” ಖಾಲಾ ಕೇಳುತ್ತಾರೆ.

“ನೀವು ಕಳಸ್ತೀನಿ ಅಂದಿದ್ರಲ್ಲ. ನಿಮ್ಮ ಮಾತಿನ ಮ್ಯಾಲ ಮತ್ತ ಹ್ಯಾಂಗ ಕೇಳಬೇಕು?”

ಸುಳ್ಳುಗಾರರನ್ನು ಹಿಡಿಯಲು ಕಟ್ಟಿದ ಬಲೆಗೆ ಬಿದ್ದದ್ದು ಖಾಲಾನನ್ನೇ ನಂಬಿದ ಮನುಷ್ಯ. ಖಾಲಾ ಹುಡುಗಿಯ ಮುಂದೆ ನೆಲದ ಮೇಲೆ ಕೂರುತ್ತಾರೆ. “ಬೇಟಿ, ಫೋನ್ ಬಂದಿತ್ತು. ಸುಳ್ಳಂತ ತಿಳದು ನಾನs ಹೇಳ್ಲಿಲ್ಲ. ತಪ್ಪು ನಂದು.”

“ನಮ್ಮ ಅಪ್ಪ ಸುಳ್ಳು ಹೇಳಾಂವ ಅಲ್ಲ, ಖಾಲಾ,” ಎನ್ನುತ್ತಾಳೆ ಮನೀಷಾ.

ಹುಡುಗಿಯರನ್ನು ಕರೆತರುವುದರಲ್ಲಿ ಎತ್ತಿದ ಕೈಯಾದ ಹೆಂಗಸು ಇಲ್ಲಿ ಪರೀಕ್ಷೆಯ ಹೆಸರನ್ನೇ ಎತ್ತುವುದಿಲ್ಲ. ಯಾವ ಮುಖ ಇಟ್ಟುಕೊಂಡು ಎತ್ತಬೇಕು? ಗೋಡೆಯ ಗಡಿಯಾರವನ್ನು ನೋಡುತ್ತಾರೆ, ಕಣ್ಣು ತೆಗೆಯುತ್ತಾರೆ, ಮತ್ತೆ ನೋಡುತ್ತಾರೆ. ಕೊನೆಗೆ ಸಂಘರತ್ನರೇ, “ಇವತ್ತ ಮೋಟಾರಿನ ಪರೀಕ್ಷಾ ಐತಿ ಅಂದಿದ್ದಿಯಲ್ಲ ಪೋರಿ,” ಎನ್ನುತ್ತಾರೆ.

“ನಾ ಹೋಗಂಗಿಲ್ಲ.”

ಮೋಟಾರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅಜ್ಜಿಯ ಕಣ್ಣುಗಳು ಅತ್ತಿತ್ತ ಹೊರಳುತ್ತವೆ. ಸ್ವಾಧೀನವಿರುವ ಎಡಗೈ ಮೇಲೇಳುತ್ತದೆ. ಮೊಮ್ಮಗಳು ಮೋಟಾರ್ ಸುತ್ತುತ್ತಾಳೆಂದು ಓಣಿಗೆಲ್ಲ ಸಾರಿದ ಅಜ್ಜಿಯಲ್ಲವೇ? ತೋರುಬೆರಳು ಗಾಳಿಯಲ್ಲಿ ತಂತಿ ಸುತ್ತುವಂತೆ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಆಮೇಲೆ ಅದೇ ಕೈ ಮನೀಷಾಳ ಭುಜವನ್ನು ಬಾಗಿಲ ಕಡೆಗೆ ನೂಕುತ್ತದೆ. ನೂಕಲು ಬಲವಿಲ್ಲ, ಆದರೂ ನೂಕುತ್ತದೆ.

ಮನೀಷಾ ಬಿಕ್ಕುತ್ತಲೇ ಎದ್ದು ಮುಖ ತೊಳೆದು ಬರುತ್ತಾಳೆ. ಹೊರಡುವಾಗ ಖಾಲಾಗೆ ಹೇಳುವುದು ಇಷ್ಟೇ: “ಆಗಾಗ ಮಗ್ಗಲ ಬದಲ ಮಾಡಬೇಕಂತ, ನರ್ಸ್ ಹೇಳ್ಯಾರ. ನೀವು ಮಾಡ್ರಿ.” ಕೇಂದ್ರದವರೆಗೆ ಬಿಟ್ಟು ಬರಲು ಹೊರಟ ತಂದೆಯ ಹಿಂದೆ ಓಡುತ್ತಾ ಹೋಗುತ್ತಾಳೆ.

ಖಾಲಾ ಅಜ್ಜಿಯ ಬೆನ್ನಿಗೆ ಕೈ ಕೊಟ್ಟು ಮಗ್ಗುಲು ಹೊರಳಿಸುತ್ತಾರೆ, ಚಮಚದಲ್ಲಿ ಗಂಜಿ ಕುಡಿಸುತ್ತಾರೆ, ಬಾಯಿ ಒರೆಸುತ್ತಾರೆ. ಮಧ್ಯಾಹ್ನ ಕೇಂದ್ರದ ಸಂಜೀವಕುಮಾರ ಸರ್ ಫೋನ್ ಮಾಡಿ, ಹುಡುಗಿ ಹೊತ್ತಿಗೆ ಸರಿಯಾಗಿ ಬಂದು ಪರೀಕ್ಷೆಗೆ ಕೂತಿದ್ದಾಳೆ ಎಂದು ತಿಳಿಸುತ್ತಾರೆ. ಖಾಲಾ ಅಲ್ಲಾಹನ ಹೆಸರು ಹೇಳಿ ಕಣ್ಣಿಗೆ ಬುರ್ಖಾದ ಅಂಚು ಒತ್ತುತ್ತಾರೆ.

“ಇನ್ನ ಮ್ಯಾಲ ಯಾವ ಫೋನ್ ಬಂದ್ರೂ ಪೋರಿ ಕೈಯಾಗs ಕೊಡತೀನ್ರಿ. ಸುಳ್ಳಿದ್ರೂ ಆಕಿದು, ಖರೇ ಇದ್ರೂ ಆಕಿದು. ನಡುವ ನಿಂದ್ರಾಕ ನಾ ಯಾರು?” ಎಂದು ಫೋನಿನಲ್ಲೇ ಸರ್‌ಗೆ ಹೇಳುತ್ತಾರೆ.

ಪರೀಕ್ಷೆಗೆ ಕೂತಳಲ್ಲ, ಇನ್ನೇನು ಬೇಕು ಎಂದು ಸರ್ ಕೇಳಿದರೆ, ಖಾಲಾ ಅಜ್ಜಿಯ ಕಾಲು ಒತ್ತುತ್ತಲೇ ಹೇಳುತ್ತಾರೆ.

“ಪಾಸಾಗ್ತಾಳ, ಅದರ ಚಿಂತಿ ಇಲ್ಲ. ಆದರ ಏನೂ ಅನ್ನದs ಹೋದ್ಳಲ್ರಿ, ಅದು ನುಂಗಾಕ ಆಗವಲ್ದು. ಸಂಜಿಗಿ ಬಂದು ನನಗ ಒಮ್ಮೆ ಬಾಯಿ ತುಂಬ ಬೈಲಿ. ಅಷ್ಟ ಸಾಕು.”