ಮುನಿಯಣ್ಣ ನಲ್ಲಿ ಬಿಚ್ಚಿ ತೋರಿಸಿದ್ದು

ಬಾವಿ ನೀರನ್ನು ಎಷ್ಟು ಹೊತ್ತು ಕುದಿಸಿದರೆ ಸಾಕು? ಡಾಕ್ಟರು ಹತ್ತು ನಿಮಿಷ ಎಂದಿದ್ದಾರೆ. ನಾನು ಇಪ್ಪತ್ತು ನಿಮಿಷ ಕುದಿಸುತ್ತೇನೆ, ಇಳಿಸಿದ ಮೇಲೆ ಸಾಲದೇನೋ ಅನ್ನಿಸಿ ಮತ್ತೆ ಒಲೆಗೇರಿಸುತ್ತೇನೆ. ನಮ್ಮ ಸೀತಾಗೆ ಇನ್ನೂ ಹತ್ತು ತಿಂಗಳು. ಈ ಬೇಸಿಗೆಯಲ್ಲೇ ಎರಡು ಸಲ ಭೇದಿಯಾಗಿ ಮಗುವಿನ ಕಣ್ಣುಗಳು ಒಳಕ್ಕೆ ಹೋಗಿದ್ದವು. ಮೂರನೆಯ ಸಲವೂ ಆದರೆ ಎಂದು ನೆನೆದರೆ ಕೈಯಲ್ಲಿನ ಸೌಟು ಅಲ್ಲೇ ನಿಂತುಬಿಡುತ್ತದೆ.

ರಾಜಾಜಿನಗರಕ್ಕೆ ಬಂದು ಎರಡು ವರ್ಷವಾಯಿತು. ಮನೆ ಹೊಸದು, ರಸ್ತೆ ಹೊಸದು, ನೀರು ಮಾತ್ರ ಮೂಲೆಯ ಹಳೇ ತೋಟದ ಬಾವಿಯದು. ಅಲ್ಲಿ ಕಪ್ಪೆಗಳು ನಮಗಿಂತ ಮೊದಲೇ ಸೈಟು ಹಿಡಿದಿವೆ. ಹಾಗಾಗಿ ಮುನಿಯಣ್ಣ ಪೈಪಿನ ಗಾಡಿಯ ಹಿಂದೆ ನಮ್ಮ ರಸ್ತೆಗೆ ನಡೆದು ಬಂದ ದಿನ ನನಗೆ ಹಬ್ಬವಾಗಿತ್ತು.

ಮುನಿಯಣ್ಣ ನಲ್ಲಿ ಹಾಕುವವರು, ಊರು ಲಗ್ಗೆರೆ. ನಲವತ್ತು ದಾಟಿರಬೇಕು. ಕಿವಿಯ ಮೇಲೆ ಸದಾ ಒಂದು ಬೀಡಿ, ಅದನ್ನು ಹಚ್ಚಿದ್ದು ಮಾತ್ರ ನಾನು ಕಂಡಿಲ್ಲ. ಅವರ ತಂದೆ ಕೆಂಪಯ್ಯ ಸುತ್ತಲ ಹಳ್ಳಿಗಳಿಗೆಲ್ಲ ಬಾವಿ ತೋಡಿದವರು. ಮಗ ಪೈಪಿನ ಕೆಲಸಕ್ಕೆ ಸೇರಿದಾಗ, ಗಂಗಮ್ಮನನ್ನು ಕಬ್ಬಿಣದೊಳಗೆ ಕೂಡಿಹಾಕೋ ಪಾಪಿ ಎಂದು ಆರು ತಿಂಗಳು ಮಾತು ಬಿಟ್ಟಿದ್ದರಂತೆ. ಈಗ ಪೇಟೆಗೆ ಬಂದಾಗ ನಲ್ಲಿ ಕಂಡರೆ ಆಚೀಚೆ ನೋಡಿ ಮುಖ ತೊಳೆದುಕೊಳ್ಳುತ್ತಾರಂತೆ.

"ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ ತಾಯಿ," ಎಂದರು ಮುನಿಯಣ್ಣ. "ಗೊತ್ತಾದ್ರೆ ಮುಖ ತೊಳೆಯೋದನ್ನೇ ಬಿಟ್ಟಾರು."

ನಮ್ಮ ಮೂರು ಮನೆಗಳ ನಡುವೆ ಒಂದು ನಲ್ಲಿ ಬರಬೇಕಿತ್ತು. ಯಾವುದಾದರೂ ಒಂದು ಮನೆಯವರು ಬೇಕು ಎಂದು ಶನಿವಾರ ನಾಲ್ಕು ಗಂಟೆಯೊಳಗೆ ನೀರಿನ ಆಫೀಸಿಗೆ ತಿಳಿಸಬೇಕು, ಇಲ್ಲದಿದ್ದರೆ ಪೈಪು ಮುಂದಿನ ರಸ್ತೆಗೆ ಹೋಗುತ್ತದೆ. ತೊಂದರೆ ಶುರುವಾದದ್ದು ಚರ್ಮದಿಂದ. ನಲ್ಲಿಯೊಳಗೆ ನೀರು ತಡೆಯಲು ಕಾಸಿನಗಲದ ಚರ್ಮದ ವಾಷರ್ ಇರುತ್ತದೆಂದು ಯಾರೋ ಹೇಳಿದ್ದರು. ನಮ್ಮ ಅತ್ತೆ ಅನಂತಲಕ್ಷ್ಮಮ್ಮ ಅದು ಹಸುವಿನ ಚರ್ಮ ಎಂದರು. ಎದುರುಮನೆಯ ಗೌಸ್ ಸಾಹೇಬರು ಖಂಡಿತ ಹಂದಿಯದು ಎಂದರು. ಪಕ್ಕದ ಮನೆಯ, ಚರ್ಚಿಗೆ ಹೋಗುವ ಇನ್ನಾಸಪ್ಪನವರು ಪ್ರಾಣಿ ಯಾವುದೆಂದು ವಿಚಾರಿಸಲಿಲ್ಲ. ಶುಕ್ರವಾರ ಮಾಂಸ ಮುಟ್ಟದವನು ಚರ್ಮ ಮುಟ್ಟಿದ ನೀರು ಹೇಗೆ ಕುಡಿಯಲಿ ಎಂಬುದು ಅವರ ಚಿಂತೆ. ಪ್ರತಿಯೊಬ್ಬರೂ ತಮ್ಮ ಮನೆಯೊಳಗೆ ಕೂತು ಉಳಿದಿಬ್ಬರ ಮೂಢನಂಬಿಕೆಗೆ ಹೊಟ್ಟೆ ಹಿಡಿದು ನಕ್ಕರು. ನನ್ನವರನ್ನು ಕೇಳಿದರೆ, ಅಮ್ಮ ಒಪ್ಪಿದರೆ ಆಯಿತು ಎಂದು ಫ್ಯಾಕ್ಟರಿಗೆ ಹೊರಟರು.

ಶನಿವಾರ ಬೆಳಿಗ್ಗೆ ಮುನಿಯಣ್ಣ ಮೂವರನ್ನೂ ನಮ್ಮ ಜಗಲಿಗೆ ಕರೆದು ಒಂದು ನಲ್ಲಿಯನ್ನು ಬಿಚ್ಚಿದರು. ಚರ್ಮದ ಬಿಲ್ಲೆ ತೆಗೆದು ರಸ್ತೆಗೆ ಎಸೆದರು. ಜೇಬಿನಿಂದ ಕರಿ ರಬ್ಬರಿನ ಬಿಲ್ಲೆ ತೆಗೆದು ಅದರ ಜಾಗದಲ್ಲಿ ಕೂರಿಸಿ, ಇದು ಮರದ ಹಾಲಿನಿಂದ ಆದದ್ದು, ಯಾವ ಪ್ರಾಣಿಗೂ ಸಂಬಂಧವಿಲ್ಲ ಎಂದರು. ಸಾಹೇಬರು ಕನ್ನಡಕ ಹಾಕಿಕೊಂಡು ನೋಡಿದರು. ಇನ್ನಾಸಪ್ಪನವರು ಮೂಸಿದರು. ಅತ್ತೆ ದೂರದಿಂದಲೇ ಬಗ್ಗಿದರು.

ನನ್ನೆದೆ ಹಗುರಾಯಿತು. ಒಂದೇ ನಿಮಿಷ.

"ರಬ್ಬರ್ ಸರಿ," ಅಂದರು ಅತ್ತೆ. "ಆದ್ರೆ ನಲ್ಲಿ ಹತ್ರ ಯಾರ್ಯಾರ ಜೊತೆಗೋ ನಿಂತು ಹರಟೋದು ಕಲಿತ್ರೆ, ನಾಳೆ ಇವಳು ನನ್ನ ಮಾತು ಕೇಳ್ತಾಳಾ?"

ಸಾಹೇಬರು ಗಡ್ಡ ನೀವಿಕೊಂಡರು. "ಬರೋಬ್ಬರಿ ಹೇಳಿದ್ರಿ ಅಮ್ಮಾ. ನಮ್ಮ ಸೊಸೆ ಮೆಹರ್‌ಗೂ ಅದೇ ಆಗೋದು."

ಇನ್ನಾಸಪ್ಪನವರೂ ತಲೆದೂಗಿದರು. ಎರಡು ವರ್ಷದಲ್ಲಿ ಮೂವರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಮುನಿಯಣ್ಣ ಸ್ಪಾನರ್ ಕೆಳಗಿಟ್ಟರು. "ಅಲ್ಲ ಯಜಮಾನ್ರೇ, ಇಷ್ಟು ದಿನ ಜಗಳ ಚರ್ಮದ್ದು ಅಂದ್ಕೊಂಡಿದ್ದೆ. ಸೊಸೇರ್ದಾ? ಅದಕ್ಕೆ ನನ್ನ ಹತ್ರ ವಾಷರ್ ಇಲ್ಲ."

ಮೊದಲು ನಕ್ಕವರು ಇನ್ನಾಸಪ್ಪ. ಸಾಹೇಬರ ಗಡ್ಡ ಅಲುಗಿತು. ಅತ್ತೆ ನಗಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದರು. ಆದರೆ ಬೇಕು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮುನಿಯಣ್ಣ ಹೊರಡುವಾಗ ಕೆಂಪಯ್ಯನವರ ಮಾತೆತ್ತಿದರು. ಅಪ್ಪನಿಗೆ ಗಂಗಮ್ಮನ ಚಿಂತೆಗಿಂತ, ಬಾವಿ ಬೇಡವಾದರೆ ನಾಳೆ ತನ್ನನ್ನು ಯಾರು ಕೂಗಿ ಕರೀತಾರೆ ಅನ್ನೋ ಭಯ ಇತ್ತು ತಾಯಿ ಎಂದರು.

ನಾನು ಒಲೆಯ ಮುಂದೆ ಕೂತು ಯೋಚಿಸಿದೆ. ಓದಿದವಳು ಎಂದು ಮನಸ್ಸಿನಲ್ಲೇ ಅವರನ್ನೆಲ್ಲ ಹಳಿಯುತ್ತಿದ್ದೆನಲ್ಲ, ನಾನು ಮಾಡಿದ್ದಾದರೂ ಏನು? ಜನ ಏನಂದಾರು ಎಂದು ನಾಲ್ಕು ದಿನ ನೀರು ಕುದಿಸುತ್ತ ಕೂತೆ. ಗಡಿಯಾರದಲ್ಲಿ ಮೂರೂ ಕಾಲು.

ಮಗುವನ್ನೆತ್ತಿಕೊಂಡು ಹೊಸಿಲು ದಾಟುವಾಗ ಎಲ್ಲಿಗೆ ಎಂದರು ಅತ್ತೆ. ಆಫೀಸಿಗೆ ಫೋನ್ ಮಾಡಲು ಎಂದೆ. ಅವರು ಬಾಗಿಲಿಗೆ ಬಂದು ಆಕಾಶ ನೋಡಿದರು.

"ಬಿಸಿಲು ಕಣೇ ಅಂಬುಜಾ. ಕೂಸಿಗೆ ಕುಲಾವಿ ಕಟ್ಟು."

ರಸ್ತೆಯಲ್ಲಿ ಮೆಹರ್ ಕೂಡ ಬಂದಳು, ಎಲ್ಲಿಗೆಂದು ಕೇಳಲಿಲ್ಲ. ಔಷಧಿ ಅಂಗಡಿಯ ಶಿವಬಸಪ್ಪನವರು ನಂಬರು ತಿರುಗಿಸಿ ಫೋನು ನನ್ನ ಕೈಗಿಟ್ಟರು. ಹುಟ್ಟಿದಾಗಿನಿಂದ ನಾನು ಫೋನಿನಲ್ಲಿ ಮಾತಾಡಿದವಳಲ್ಲ. ಆ ಕಡೆಯಿಂದ ಒಂದು ಗಂಡಸಿನ ದನಿ, ಮನೆ ಯಜಮಾನರಿಲ್ಲವೇ ಎಂದು ಕೇಳಿತು.

"ಇದ್ದಾರೆ ಸಾರ್," ಎಂದೆ. "ನೀರು ಕಾಯಿಸೋಳು ನಾನು. ನಮ್ಮ ರಸ್ತೆಗೆ ನಲ್ಲಿ ಬೇಕು, ಬರ್ಕೊಳ್ಳಿ."