ಶಾಲು ಹೊದಿಸುವ ಸಿದ್ದಬಸಪ್ಪನವರು

ಬಸವೇಶ್ವರನಗರದ ಮೂರನೇ ಹಂತದಲ್ಲಿ ಸನ್ಮಾನವಾಗದೆ ಉಳಿದವರನ್ನು ಹುಡುಕುವುದು ಕಷ್ಟ. ಹಾಲಿನ ಬೂತಿನ ಯಜಮಾನರಿಗೆ ಆಗಿದೆ. ಪಾರ್ಕಿಗೆ ಎಲ್ಲರಿಗಿಂತ ಮೊದಲು ವಾಕಿಂಗ್ ಬರುವ ನಿವೃತ್ತ ಮೇಷ್ಟ್ರಿಗೆ ಆಗಿದೆ. ಹಾಡಹಗಲೇ ಕಳ್ಳನನ್ನು ಹಿಡಿದುಕೊಟ್ಟ ಇಸ್ತ್ರಿ ಅಂಗಡಿಯವನಿಗೂ ಆಗಿದೆ. ಆತ ಹಿಡಿದುಕೊಟ್ಟದ್ದು ಕಳ್ಳನನ್ನಲ್ಲ, ಕೇಬಲ್ ರಿಪೇರಿಗೆ ಬಂದಿದ್ದವನನ್ನು ಎಂಬುದು ಆಮೇಲೆ ಗೊತ್ತಾಯಿತು. ಆದರೆ ಹೊದಿಸಿದ ಶಾಲನ್ನು ವಾಪಸ್ ಕೇಳುವುದು ಚೆನ್ನಾಗಿರುವುದಿಲ್ಲವೆಂದು ಸುಮ್ಮನಾದರು. ಈ ಎಲ್ಲ ಶಾಲುಗಳ ಹಿಂದೆ ಇದ್ದವರು ಒಬ್ಬರೇ, ಸಂಸ್ಕೃತಿ ಸಿಂಚನ ವೇದಿಕೆಯ ಸಂಸ್ಥಾಪಕ ಅಧ್ಯಕ್ಷರಾದ ಸಿದ್ದಬಸಪ್ಪನವರು.

ಚನ್ನಗಿರಿ ಕಡೆಯಿಂದ ಬಂದು, ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟರಾಗಿ ನಿವೃತ್ತರಾದವರು. ಸಾಹೇಬರುಗಳ ವರ್ಗಾವಣೆಯಾದಾಗಲೆಲ್ಲ ಹಾರ ತರುವ ಕೆಲಸ ಇವರ ತಲೆಗೆ ಬರುತ್ತಿತ್ತು. ಬೇರೆಯವರಾಗಿದ್ದರೆ ಗೊಣಗುತ್ತಿದ್ದರು, ಇವರು ಅದನ್ನೊಂದು ವಿದ್ಯೆಯಾಗಿ ಕಲಿತರು. ಪೇಟವನ್ನು ಹುಬ್ಬಿನ ಮೇಲೆ ಎಲ್ಲಿಗೆ ಕೂರಿಸಬೇಕು, ಗಂಧದ ಹಾರ ಮೈಕಿಗೆ ಸಿಕ್ಕಿಕೊಳ್ಳದಂತೆ ಹೇಗೆ ಹಾಕಬೇಕು, ಹಣ್ಣಿನ ಬುಟ್ಟಿಯ ಯಾವ ಬದಿ ಕ್ಯಾಮರಾಕ್ಕೆ ಕಾಣಬೇಕು ಎಲ್ಲವೂ ಅವರಿಗೆ ಕರಗತ. ಮುಖ್ಯವಾದದ್ದು ಶಾಲಿನ ಜರಿ ಅಂಚು. ಅದು ಸರಿಯಾಗಿ ಎದೆಯ ಮೇಲೆ ಬರಬೇಕು. ಸಿದ್ದಬಸಪ್ಪನವರು ಮಡಿಸಿಕೊಟ್ಟ ಶಾಲಿನ ಅಂಚು ಉಲ್ಟಾ ಬಿದ್ದದ್ದು ಇಲ್ಲವೇ ಇಲ್ಲ.

ಶಾಲಿನ ಉದ್ದೇಶ ಚಳಿ ತಡೆಯುವುದು ಎಂದು ಯಾರಾದರೂ ಅವರ ಮುಂದೆ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ, ಬೆವರು ಕಿತ್ತುಕೊಂಡು ಬರುವ ಕುತ್ತಿಗೆಗಳಿಗೆ ಅವರು ಶಾಲು ಹೊದಿಸಿದ್ದಾರೆ. ಹೊದಿಸಿಕೊಂಡವರು ವೇದಿಕೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಅದನ್ನು ತೆಗೆದು ಮಡಿಸಿ ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ಮನೆಗೆ ಹೋದ ಮೇಲೆ ಅದು ಮಿಕ್ಸಿಯ ಮೇಲೋ ಸ್ಕೂಟರಿನ ಮೇಲೋ ಬೀಳುತ್ತದೆ, ಇಲ್ಲವೇ ಇನ್ನೊಬ್ಬರ ಗೃಹಪ್ರವೇಶಕ್ಕೆ ಹೊರಡುತ್ತದೆ. ಒಮ್ಮೆ ಇವರೇ ಹೊದಿಸಿದ ಶಾಲು ಊರೆಲ್ಲ ಸುತ್ತಿ, ಮೂಲೆಯ ಅರಿಶಿನದ ಕಲೆಯೂ ಮಾಸದಂತೆ, ಇವರ ಮನೆಗೇ ಬಾಗಿನದಲ್ಲಿ ಬಂದಿತ್ತು. ಅದನ್ನು ಒಗೆಸಿ ಮತ್ತೊಬ್ಬರಿಗೆ ಹೊದಿಸಿದರು.

ಇಷ್ಟು ಕಾರ್ಯಕ್ರಮ ಮಾಡಿಸಿದವರು ಒಂದನ್ನೂ ಕೂತು ನೋಡಿದವರಲ್ಲ. ದೀಪ ಬೆಳಗಿಸಿ, ಗಣ್ಯರ ಹೆಸರುಗಳನ್ನು ಬಿರುದುಗಳ ಸಮೇತ ಹೇಳಿ ಮುಗಿಸಿದರೆ ಅವರ ಮಟ್ಟಿಗೆ ಕಾರ್ಯಕ್ರಮ ಮುಗಿದಂತೆಯೇ. ವಚನ ಗಾಯನವೋ ಭರತನಾಟ್ಯವೋ ಶುರುವಾದೊಡನೆ ಊಟದ ಹಾಲಿಗೆ ಓಡಿ ಬಿಸಿಬೇಳೆಬಾತಿನ ಡಬರಿಯ ಮುಚ್ಚಳ ತೆಗೆದು ನೋಡುತ್ತಿದ್ದರು.

ಆದರೆ ಸಿದ್ದಬಸಪ್ಪನವರಿಗೊಂದು ಕೊರಗಿತ್ತು. ಅವರಿಗೆ ಯಾರೂ ಒಂದು ಶಾಲು ಹೊದಿಸಿರಲಿಲ್ಲ. ಬಡಿಸುವವನ ಎಲೆ ಖಾಲಿ ಇರುವುದು ಯಾರ ಕಣ್ಣಿಗೆ ಬೀಳುತ್ತದೆ? ತಮ್ಮ ವೇದಿಕೆಯಲ್ಲಿ ತಾವೇ ಹೊದ್ದುಕೊಳ್ಳುವ ಅಧ್ಯಕ್ಷರೂ ಊರಲ್ಲಿದ್ದಾರೆ, ಇವರಿಗೆ ಅಷ್ಟು ಧೈರ್ಯವಿರಲಿಲ್ಲ. ಹೆಂಡತಿ ಕಮಲಾಕ್ಷಮ್ಮ ಮಾತ್ರ ಈ ಹುಣ್ಣನ್ನು ಆಗಾಗ ಕೆರೆಯುತ್ತಿದ್ದರು. "ಊರಿಗೆಲ್ಲಾ ಹೊದಿಸ್ತೀರ. ನಿಮ್ಗೊಂದು ಟವೆಲ್ ಹೊದ್ಸೋರೂ ಗತಿ ಇಲ್ಲ."

ಹೀಗಿರುವಾಗ ಯುರೋಪಿನ ಒಂದು ಸಿಂಫನಿ ಆರ್ಕೆಸ್ಟ್ರಾ ವಿದೇಶ ಪ್ರವಾಸ ಹೊರಟು ಬೆಂಗಳೂರಿಗೂ ಬಂತು. ಎಪ್ಪತ್ತು ಜನ ವಾದಕರು, ಮುಂದೆ ನಿಂತು ಕೋಲಾಡಿಸುವ ಒಬ್ಬ ನಿರ್ದೇಶಕರು. ಹೋದ ಊರಲ್ಲೆಲ್ಲ ದೊಡ್ಡ ಸಭಾಂಗಣದ ಕಛೇರಿಯ ಜೊತೆಗೆ, ಇಂಥದ್ದನ್ನು ಎಂದೂ ಕೇಳದ ಬಡಾವಣೆಯೊಂದರಲ್ಲಿ ಬಿಟ್ಟಿಯಾಗಿ ನುಡಿಸುವುದು ಅವರ ಪದ್ಧತಿಯಂತೆ. ಅವರ ಪ್ರವಾಸ ನೋಡಿಕೊಳ್ಳುವ ಕಂಪನಿಯಲ್ಲಿದ್ದ ಸೌಂದರ್ಯಾ, ಕಮಲಾಕ್ಷಮ್ಮನವರ ತಂಗಿಯ ಮಗಳು, "ದೊಡ್ಡಪ್ಪ, ನಿಮ್ ಬಡಾವಣೆ ಕಲ್ಯಾಣ ಮಂಟಪದಲ್ಲಿ ಮಾಡ್ಸೋಣ್ವಾ?" ಎಂದು ಫೋನು ಮಾಡಿದಳು. ಸಿದ್ದಬಸಪ್ಪನವರು ಮನಸ್ಸಿನಲ್ಲೇ ಎಣಿಸಿದರು. ಎಪ್ಪತ್ತೊಂದು ವಿದೇಶಿ ಕುತ್ತಿಗೆಗಳು!

ವೇದಿಕೆಯ ಕಾರ್ಯದರ್ಶಿ ನಂಜುಂಡಪ್ಪನಿಗೆ ಮಾತ್ರ ಅನುಮಾನ. "ಹಾಡೋರು ಯಾರು ಸಾರ್?"

"ಹಾಡೋರಿಲ್ಲ ಕಣಯ್ಯ. ಬರೀ ನುಡ್ಸೋದು."

"ಹಾಡೋರಿಲ್ದೆ ಎಪ್ಪತ್ತು ಜನ ಬರ್ತಾರಾ? ಊಟಕ್ಕೆ ಏನ್ ಹೇಳೋದು?"

ಸೌಂದರ್ಯಾ ಷರತ್ತುಗಳನ್ನು ಹಾಕಿದಳು. ಭಾಷಣ ಬೇಡ. ಮೊಬೈಲ್ ಆಫ್. ಕೃತಿಗೆ ನಾಲ್ಕು ಭಾಗ, ನಡುನಡುವೆ ಒಂದು ಗಳಿಗೆ ಮೌನವಿರುತ್ತದೆ, ಆಗ ಯಾರೂ ಮಿಸುಕಬಾರದು. ಸನ್ಮಾನವೇನಿದ್ದರೂ ನಿರ್ದೇಶಕರೊಬ್ಬರಿಗೆ, ಅದೂ ಎಲ್ಲ ಮುಗಿದ ಮೇಲೆ. ಎಪ್ಪತ್ತೊಂದರಿಂದ ಒಂದಕ್ಕೆ ಇಳಿದದ್ದಕ್ಕೆ ಸಿದ್ದಬಸಪ್ಪನವರಿಗೆ ಸಂಕಟವಾಯಿತು. ಆದರೂ ಒಪ್ಪಿದರು, ಯಾಕೆಂದರೆ ತಲೆಯಲ್ಲಿ ಆಗಲೇ ಇನ್ನೊಂದು ಲೆಕ್ಕಾಚಾರ ಓಡುತ್ತಿತ್ತು. ಮುಖ್ಯ ಅತಿಥಿಗಳು ನಿರ್ದೇಶಕರಿಗೆ ಸನ್ಮಾನ ಮಾಡುತ್ತಾರೆ. ಅದಾದ ಕೂಡಲೇ ನಂಜುಂಡಪ್ಪ ಮೈಕಿನಲ್ಲಿ, "ಈಗ ಮಾನ್ಯ ನಿರ್ದೇಶಕರು ನಮ್ಮ ಅಧ್ಯಕ್ಷರನ್ನು ಗೌರವಿಸುತ್ತಾರೆ" ಅನ್ನಬೇಕು. ವಿದೇಶದವರೇ ಇಷ್ಟಪಟ್ಟು ಹೊದಿಸಿದರೆ ಯಾರು ಏನು ಆಡಿಕೊಳ್ಳುತ್ತಾರೆ? ಅದಕ್ಕಾಗಿ ಚಿಕ್ಕಪೇಟೆಗೆ ಹೋಗಿ ತಮಗೆ ಬೇಕಾದ ಶಾಲನ್ನು ತಾವೇ ತಂದರು. ಊರಿಗೆಲ್ಲ ಹೊದಿಸುತ್ತಿದ್ದ ಡಜನ್ ಲೆಕ್ಕದ ಪಾಲಿಯೆಸ್ಟರ್ ಅಲ್ಲ, ಕೈಯಲ್ಲಿ ಹಿಡಿದರೆ ಬೆಚ್ಚಗಾಗುವ ಅಸಲಿ ಉಣ್ಣೆಯದು. ಅದನ್ನು ನೋಡಿ ಕಮಲಾಕ್ಷಮ್ಮ ಹುಬ್ಬು ಏರಿಸಿದರು.

ಡಿಸೆಂಬರಿನ ಭಾನುವಾರ ಬಂತು. ಮಂಟಪದ ವೇದಿಕೆಯಿಂದ ವಧೂವರರ ಸಿಂಹಾಸನಗಳನ್ನು ಎತ್ತಿಟ್ಟಿದ್ದರು. ಥರ್ಮೊಕೋಲಿನ ಆನೆಗಳೆರಡನ್ನು ಗೋಡೆಗೆ ಅಂಟಿಸಿದ್ದರಿಂದ ಅವು ಅಲ್ಲೇ ಉಳಿದವು. ಅವುಗಳ ನಡುವೆ ಕರಿಬಟ್ಟೆ ತೊಟ್ಟ ಎಪ್ಪತ್ತು ಜನ ಇಕ್ಕಟ್ಟಾಗಿ ಕೂತರು. ಮುಖ್ಯ ಅತಿಥಿಗಳಿಗೆ ಬೆವರುವ ಕಾಯಿಲೆಯಿದ್ದ ಕಾರಣ ಎ.ಸಿ.ಯನ್ನು ಪೂರ್ತಿ ತಿರುಗಿಸಿಡಲಾಗಿತ್ತು. ಅತಿಥಿಗಳು ಬಹಳ ತಡವಾಗಿ ಬಂದರು. ಅಲ್ಲಿಯವರೆಗೆ ಆ ಎಪ್ಪತ್ತು ಜನ ತಣ್ಣಗಿನ ಗಾಳಿಯಲ್ಲಿ, ವಾದ್ಯ ಹಿಡಿದು ಕಾದರು.

ದೀಪ ಬೆಳಗಿತು, ಸಂಗೀತ ಶುರುವಾಯಿತು, ಸಿದ್ದಬಸಪ್ಪನವರು ವಾಡಿಕೆಯಂತೆ ಊಟದ ಹಾಲಿಗೆ ಹೊರಟರು. ಡಬರಿಯ ಮುಚ್ಚಳ ಕೈಯಲ್ಲಿದ್ದಾಗಲೇ ನಂಜುಂಡಪ್ಪ ಏದುಸಿರು ಬಿಡುತ್ತ ಓಡಿಬಂದ.

"ಸಾರ್, ಮುಖ್ಯ ಅತಿಥಿಗಳು ಎದ್ಬಿಡ್ತಾರಂತೆ! ದೀಪಾಂಜಲಿ ನಗರದಲ್ಲಿ ಜಿಮ್ ಉದ್ಘಾಟ್ನೆ, ಆಮೇಲೆ ಕೆಂಗೇರೀಲಿ ಗೃಹಪ್ರವೇಶ. ಸನ್ಮಾನ ಈಗ್ಲೇ ಮುಗಿಸ್ಬೇಕು."

"ಸೌಂದರ್ಯಾ ಬೇಡ ಅಂದಿದಾಳಲ್ಲಯ್ಯ..."

"ಅವ್ರು ಹೋದ್ಮೇಲೆ ಯಾರ್ ಕೈಲಿ ಹೊದಿಸ್ತೀರ ಸಾರ್?"

ಸಿದ್ದಬಸಪ್ಪನವರು ಡಬರಿ ಮುಚ್ಚಿ, ನಿರ್ದೇಶಕರ ಶಾಲು, ತಮ್ಮ ಉಣ್ಣೆ ಶಾಲು ಎರಡನ್ನೂ ತಟ್ಟೆಯಲ್ಲಿಟ್ಟುಕೊಂಡು ಹೊರಟರು. ಗಣ್ಯರಿಗೆ ಬೇರೆ ಕಾರ್ಯಕ್ರಮ ಇದೆಯೆಂದರೆ ನಮ್ಮಲ್ಲಿ ಮುಹೂರ್ತವೂ ಹಿಂದೆಮುಂದೆ ಆಗುತ್ತದೆ, ಇನ್ನು ಯುರೋಪಿನವರ ಸಿಂಫನಿ ಯಾವ ಲೆಕ್ಕ?

ಮೊದಲ ಭಾಗ ಮುಗಿದು ಮೌನ ಬಿದ್ದಿತು. ನಿರ್ದೇಶಕರ ಕೋಲು ಇನ್ನೂ ಗಾಳಿಯಲ್ಲಿತ್ತು. "ಈಗ ಕಾರ್ಯಕ್ರಮದ ಅತ್ಯಂತ ಮಹತ್ವದ ಘಟ್ಟ!" ಎಂದು ನಂಜುಂಡಪ್ಪ ಮೈಕಿನಲ್ಲಿ ಗುಡುಗಿದ. ಬಾಗಿಲ ಬಳಿ ನಿಂತಿದ್ದ ಸೌಂದರ್ಯಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಮುಖ್ಯ ಅತಿಥಿಗಳು, ಅವರ ಹಿಂದೆ ಆರೇಳು ಜನ ಹಿಂಬಾಲಕರು, ತಟ್ಟೆ ಹಿಡಿದ ಸಿದ್ದಬಸಪ್ಪನವರು, ಎಲ್ಲರೂ ಪಿಟೀಲುಗಳ ನಡುವೆ ನುಗ್ಗಿದರು. ನಿರ್ದೇಶಕರು ತಿರುಗುವಷ್ಟರಲ್ಲಿ ತಲೆಯ ಮೇಲೆ ಪೇಟ ಕೂತಿತು, ಹೆಗಲಿಗೆ ಶಾಲು ಬಿತ್ತು, ಕೊರಳಿಗೆ ಗಂಧದ ಹಾರ ಇಳಿಯಿತು. ಹಣ್ಣಿನ ಬುಟ್ಟಿಯನ್ನು ಇಡಲು ಜಾಗವಿಲ್ಲದೆ ಮೊದಲ ಸಾಲಿನ ಪಿಟೀಲಿನ ಹುಡುಗಿಯ ತೊಡೆಯ ಮೇಲಿಟ್ಟರು. ಫೋಟೊ ತೆಗೆದದ್ದೂ ಆಯಿತು, ಮುಖ್ಯ ಅತಿಥಿಗಳು ಕೈಮುಗಿದು ಇಳಿದದ್ದೂ ಆಯಿತು. ಅವರ ಹಿಂದೆ ಹಿಂಬಾಲಕರು, ಹಿಂಬಾಲಕರ ಹಿಂದೆ ಫೋಟೊಗ್ರಾಫರು, ಫೋಟೊಗ್ರಾಫರನ ಹಿಂದೆ ಕಾರಿನವರೆಗೂ ಬೀಳ್ಕೊಡಲು ನಂಜುಂಡಪ್ಪ.

ಮೈಕು ಅನಾಥವಾಗಿ ನಿಂತಿತು. ಸಿದ್ದಬಸಪ್ಪನವರು ಉಣ್ಣೆ ಶಾಲಿನ ತಟ್ಟೆಯನ್ನು ಮುಂದೆ ಚಾಚಿ, ಕುತ್ತಿಗೆ ಬಗ್ಗಿಸಿ, ಕಾದರು. ಹೇಳಬೇಕಾದ ಮಾತನ್ನು ಹೇಳುವವರಿಲ್ಲ. ಪಾಪ, ನಿರ್ದೇಶಕರಿಗೇನು ಗೊತ್ತು? ಹಿರಿಯರು ನಮಸ್ಕರಿಸುತ್ತಿದ್ದಾರೆಂದು ತಿಳಿದು ಅವರೂ ಅಷ್ಟೇ ಬಗ್ಗಿ ನಮಸ್ಕರಿಸಿದರು. ಆಮೇಲೆ ಪೇಟ, ಶಾಲು, ಹಾರಗಳ ಸಮೇತ ವಾದಕರ ಕಡೆ ತಿರುಗಿ ಕೋಲೆತ್ತಿದರು.

ಎರಡನೆಯ ಭಾಗ ಶುರುವಾಗಿಬಿಟ್ಟಿತು. ಮುಂದೆ ಪಿಟೀಲಿನ ಕಮಾನುಗಳು ಆಡುತ್ತಿದ್ದವು, ಮೆಟ್ಟಿಲಿಗೆ ದಾರಿ ಕಾಣಲಿಲ್ಲ. ಬೆಪ್ಪಾಗಿ ಹಿಂದೆ ಹಿಂದೆ ಸರಿದ ಸಿದ್ದಬಸಪ್ಪನವರ ಬೆನ್ನಿಗೆ ಥರ್ಮೊಕೋಲಿನ ಆನೆ ತಾಗಿತು. ಅಲ್ಲಿ ದೊಡ್ಡ ಹಿತ್ತಾಳೆ ತಾಳಗಳ ಪಕ್ಕದಲ್ಲಿ ಕೂತಿದ್ದ ನರೆಗೂದಲಿನ ಹೆಂಗಸೊಬ್ಬಳು ಸದ್ದಿಲ್ಲದೆ ಒಂದು ಕುರ್ಚಿ ಎಳೆದು ಕೂರಿ ಎಂದು ಸನ್ನೆ ಮಾಡಿದಳು. ಕೂತರು.

ಜನ್ಮದಲ್ಲಿ ಮೊದಲ ಸಲ ಸಿದ್ದಬಸಪ್ಪನವರು ತಾವೇ ಏರ್ಪಡಿಸಿದ ಕಾರ್ಯಕ್ರಮವನ್ನು ಕೇಳಬೇಕಾಯಿತು. ಮೊದಮೊದಲು ಬಾತು ತಳ ಹಿಡಿಯುತ್ತಿರಬಹುದೆಂಬ ಚಿಂತೆ. ಆಮೇಲೆ ದಪ್ಪ ತಂತಿಗಳ ನಾದ ಕುರ್ಚಿಯ ಕಾಲಿನಿಂದ ಹತ್ತಿ ಬೆನ್ನಿಗೆ ಬಂತು. ಅವರು ಮಿಸುಕದೆ ಕೂತರು. ಇಲ್ಲಿ ಯಾರೂ ಯಾರ ಹೆಸರನ್ನೂ ಹೇಳುತ್ತಿರಲಿಲ್ಲ. ಯಾರಿಗೂ ವಂದನೆ ಇಲ್ಲ, ಬಿರುದಿಲ್ಲ. ಒಬ್ಬ ಬಿಟ್ಟದ್ದನ್ನು ಇನ್ನೊಬ್ಬ ಎತ್ತಿಕೊಂಡು ಹೋಗುತ್ತಿದ್ದ, ಅಷ್ಟೇ. ಹೆಬ್ಬೆರಳಿನಿಂದ ಕಣ್ಣಂಚು ಒರೆಸಿಕೊಂಡರು. ಯಾಕೆಂದು ತಿಳಿಯದೆ ತಮ್ಮ ಮೇಲೆ ತಮಗೇ ಸಿಟ್ಟು ಬಂತು.

ಪಕ್ಕದ ಹೆಂಗಸು ಈ ಭಾಗದುದ್ದಕ್ಕೂ ತಾಳವನ್ನು ಮುಟ್ಟಲೇ ಇಲ್ಲ. ಕೈ ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದಳು. ಅಷ್ಟು ದೂರದಿಂದ ವಿಮಾನ ಹತ್ತಿ ಬಂದವಳನ್ನು ಯಾರೂ ಕರೆಯುವುದಿಲ್ಲವಲ್ಲ ಎಂದು ಅವರಿಗೆ ಕನಿಕರವಾಯಿತು. ಸಭೆಯಲ್ಲಿ ಒಬ್ಬರೂ ಈ ಕಡೆ ನೋಡುತ್ತಿರುವಂತೆ ಅವರಿಗೆ ಕಾಣಲಿಲ್ಲ, ಎಲ್ಲರ ಕಣ್ಣೂ ನಿರ್ದೇಶಕರ ಕಿವಿಯ ಮೇಲೆ ಜಾರುತ್ತಿದ್ದ ಪೇಟದ ಮೇಲಿತ್ತು. ಆಗ ಗಮನಿಸಿದರು: ಅವಳು ನಡುಗುತ್ತಿದ್ದಳು. ಮುಖ್ಯ ಅತಿಥಿಗಳಿಗೆಂದು ತಿರುಗಿಸಿಟ್ಟ ಎ.ಸಿ.ಯ ಗಾಳಿ ನೇರವಾಗಿ ಅವಳ ತಲೆಯ ಮೇಲೆ ಬೀಳುತ್ತಿತ್ತು. ತೆಳು ಬಟ್ಟೆ, ಕೆಂಪಾದ ಮೂಗು. ಬೆರಳು ಮರಗಟ್ಟದಿರಲೆಂದು ಸದ್ದಾಗದಂತೆ ಉಜ್ಜಿಕೊಳ್ಳುತ್ತಿದ್ದಳು.

ಸಿದ್ದಬಸಪ್ಪನವರು ತೊಡೆಯ ಮೇಲಿನ ತಟ್ಟೆಯನ್ನು ನೋಡಿದರು. ಎಲ್ಲ ಮುಗಿದ ಮೇಲೆ ನಂಜುಂಡಪ್ಪನನ್ನು ಕರೆದು ಹೊದಿಸಿಕೊಳ್ಳಲು ಇನ್ನೂ ಅವಕಾಶವಿತ್ತು. ಎಷ್ಟು ವರ್ಷ ಕಾದಿದ್ದರು! ಸುಳ್ಳೇಕೆ, ಶಾಲಿನ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಗಟ್ಟಿಯಾಗಿ ಒತ್ತಿ ಹಿಡಿದೇ ಕೂತಿದ್ದರು.

ಎರಡನೆಯ ಭಾಗ ಮುಗಿದು ಮತ್ತೆ ಮೌನ ಬಿತ್ತು. ಅವರು ಎದ್ದರು. ಶಾಲನ್ನು ಬಿಡಿಸಿದರು. ಅಭ್ಯಾಸಬಲದಿಂದ ಕತ್ತು ಕ್ಯಾಮರಾ ಹುಡುಕಿತು, ಕ್ಯಾಮರಾ ಜಿಮ್ ಉದ್ಘಾಟನೆಯ ದಾರಿಯಲ್ಲಿತ್ತು. ಹೊದಿಸಿದರು. ಆಕೆ ಬೆಚ್ಚಿ ಅವರತ್ತ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಶಾಲನ್ನು ಹಿಡಿದು, ಗದ್ದದವರೆಗೂ ಎಳೆದುಕೊಂಡು, ಕಣ್ಣು ಮುಚ್ಚಿದಳು. ಅವರು ಹೊದಿಸಿದ ಯಾರೂ ಶಾಲನ್ನು ಹಾಗೆ ಹೊದ್ದುಕೊಂಡಿರಲಿಲ್ಲ.

ಕೊನೆಯ ಭಾಗದ ಕೊನೆಯಲ್ಲಿ ಅವಳು ಶಾಲು ಹೊದ್ದೇ ಎದ್ದುನಿಂತು ತಾಳ ಹೊಡೆದಳು. ಸಿದ್ದಬಸಪ್ಪನವರ ಮೈ ಜುಮ್ಮೆಂದಿತು. ಸಭೆ ಚಪ್ಪಾಳೆ ತಟ್ಟುವಾಗ ಇವರೂ ತಟ್ಟಿದರು, ಊಟದ ಯೋಚನೆಯನ್ನೇ ಮರೆತು. ಅಂದು ಬಾತು ನಿಜವಾಗಿಯೂ ತಳ ಹಿಡಿದಿತ್ತು.

ಮರುದಿನ ಬೆಳಿಗ್ಗೆ ವೇದಿಕೆಯ ವಾಟ್ಸಾಪ್ ಗುಂಪಿಗೆ ಫೋಟೊ ಬಂತು. ನಡುವೆ ಮುಖ್ಯ ಅತಿಥಿಗಳು, ಪಕ್ಕದಲ್ಲಿ ಪೇಟ ತೊಟ್ಟು ಕಂಗಾಲಾದ ನಿರ್ದೇಶಕರು, ಎಡಗಡೆಯ ಅಂಚಿನಲ್ಲಿ ತಟ್ಟೆ ಹಿಡಿದ ಒಂದು ಕೈ. ಕಮಲಾಕ್ಷಮ್ಮ ಕಾಫಿ ತಂದಿಟ್ಟು ಫೋನಿನೊಳಗೆ ಬಗ್ಗಿ ನೋಡಿದರು.

"ಉಂಗುರದಲ್ಲಿ ಗೊತ್ತಾಗುತ್ತೆ ಬಿಡಿ, ನಿಮ್ ಕೈಯೇ."

"ಹೂಂ. ಶಾಲೂ ಹೋಯ್ತು ಕಣೇ. ಯಾರಿಗೋ ಹೊದಿಸ್ಬಿಟ್ಟೆ, ಹೆಸ್ರೂ ಕೇಳ್ಲಿಲ್ಲ. ಫೋಟೊ ಇಲ್ಲ, ಯಾರೂ ನೋಡ್ಲೂ ಇಲ್ಲ."

"ನಾನು ನೋಡ್ದೆ."

ಸಿದ್ದಬಸಪ್ಪನವರು ತಲೆಯೆತ್ತಿದರು. ಹೆಂಡತಿ ಮೂರನೇ ಸಾಲಿನಲ್ಲಿ ಕೂತಿದ್ದರೆಂಬುದು ಅವರಿಗೆ ಆಗಲೇ ಹೊಳೆದದ್ದು. ಎಲ್ಲ ಕಾರ್ಯಕ್ರಮಗಳಲ್ಲೂ ಅವರು ಮೂರನೇ ಸಾಲಿನಲ್ಲೇ ಕೂತಿರುತ್ತಿದ್ದರು. ಇವರು ಕಾಫಿಯ ಲೋಟವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಕೇಳಿದರು.

"ಅಂಚು ಸರಿಯಾಗ್ ಬಂದಿತ್ತಾ?"

"ಉಲ್ಟಾ ಹೊದ್ಸಿದ್ರಿ," ಎಂದರು ಕಮಲಾಕ್ಷಮ್ಮ. "ಅವ್ರಿಗೆ ಬೆಚ್ಚಗಾಯ್ತು, ಬಿಡಿ. ಕಾಫಿ ಕುಡೀರಿ, ಆರೋಗುತ್ತೆ."