ಗೋಡೆಯ ಮೇಲಿನ ಹಿತ್ತಲು

ಆಲಸನತ್ತಂನ ನಮ್ಮ ಎದುರುಮನೆಗೆ ಹುಡುಗಿಯೊಬ್ಬಳು ಹೆರಿಗೆಗೆ ಬಂದಿದ್ದಾಳೆ. ಸಂಜೆ ಕೂಸಿಗೆ ಸಾಂಬ್ರಾಣಿ ಹಿಡಿದರೆ ಹೊಗೆ ಬೀದಿ ದಾಟಿ ನನ್ನ ಕುರ್ಚಿಯ ತನಕ ಬರುತ್ತದೆ. ಬಂದದ್ದೇ ತಡ, ನಾನು ಗುಮ್ಮಳಾಪುರದ ನಮ್ಮ ಹಳೇ ಮನೆಯ ಬಾಣಂತಿ ಕೋಣೆಯಲ್ಲಿರುತ್ತೇನೆ. ಕತ್ತಲೆ, ಬಜೆ, ಬೆಳ್ಳುಳ್ಳಿ, ಹರಳೆಣ್ಣೆ, ಕೆಂಡದ ಕಾವು. ಆ ಮನೆಯ ಮಕ್ಕಳೆಲ್ಲ ಹುಟ್ಟಿದ್ದು ಅಲ್ಲೇ, ನಾನೂ ಸೇರಿ. ಈಗ ಮನೆಯೂ ಇಲ್ಲ, ಕೋಣೆಯೂ ಇಲ್ಲ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಇಲ್ಲ ಅನ್ನಬೇಡಿ.

ಎರಡನೇ ಮಹಾಯುದ್ಧದ ಕಾಲ ಅದು, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ನನಗೆ ಹತ್ತು ವರ್ಷ. ಹೆರಿಗೆಗೆ ಬಂದಿದ್ದ ಅಕ್ಕನ ಕೂಸು ಒಂಬತ್ತನೇ ದಿನ ತೀರಿಕೊಂಡಿತು. ಕೂಸು ಹೋದರೂ ಬಾಣಂತನ ತಪ್ಪಲಿಲ್ಲ. ಮೈ ಹಸಿ ಇರುವಾಗ ಗಾಳಿ ಸೋಕಬಾರದೆಂದು ಅಪ್ಪನ ತಾಯಿ, ನಮ್ಮಜ್ಜಿ, ಮೂರು ತಿಂಗಳು ಅಕ್ಕನನ್ನು ಆ ಕಿಟಕಿಯಿಲ್ಲದ ಕೋಣೆಯಲ್ಲೇ ಇಟ್ಟಳು. ಆ ಕೋಣೆಯಿಂದ ಹಿತ್ತಲಿಗಿದ್ದ ಬಾಗಿಲಲ್ಲಿ ಹುಳು ಕೊರೆದ ತೂತುಗಳಿಗೆಲ್ಲ ಬಟ್ಟೆಚೂರು ತುರುಕಿದಳು. ಅಕ್ಕ ಸುಣ್ಣ ಬಳಿದ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಮಾತಿಲ್ಲ, ಊಟವಿಲ್ಲ. ಮುದ್ದೆ ಹೋದ ಹಾಗೇ ವಾಪಸು ಬರುತ್ತಿತ್ತು. "ಇವ್ಳೂ ನನ್ ಕೈ ಬಿಟ್ ಹೋಗ್ಬುಡ್ತಾಳೆ ಕಣೋ" ಎಂದು ಅಜ್ಜಿ ಅಪ್ಪನ ಹತ್ತಿರ ಹೇಳಿದ್ದನ್ನು ಒಲೆಯ ಮುಂದೆ ಕೂತು ಕೇಳಿಸಿಕೊಂಡೆ. ಆವತ್ತಿನಿಂದ ನನಗೂ ಅನ್ನ ಸೇರುತ್ತಿರಲಿಲ್ಲ.

ಮನೆಯಲ್ಲಿ ಹೀಗಿದ್ದರೆ ಶಾಲೆಯಲ್ಲಿ ಬೇರೆಯೇ ಲೋಕ. ಕೃಷ್ಣಗಿರಿ ಕಡೆಯಿಂದ ಬಂದ ನಮ್ಮ ಮೇಷ್ಟ್ರಿಗೆ ಕನ್ನಡ ಅರ್ಧಂಬರ್ಧ. ಅವರ ವಿಜ್ಞಾನದ ಪಾಠವೆಲ್ಲ ಒಂದೇ ಮಾತಿನಲ್ಲಿತ್ತು, ಅದನ್ನು ತಮಿಳು, ಕನ್ನಡ, ತೆಲುಗು ಮೂರರಲ್ಲೂ ಹೇಳುತ್ತಿದ್ದರು: "ಪಾರು, ನೋಡು, ಚೂಡು." ನೀರು ತುಂಬಿದ ಲೋಟಕ್ಕೆ ಕಾಗದ ಮುಚ್ಚಿ ಬೋರಲು ಹಿಡಿದರೂ ನೀರು ಬೀಳದು, ನೋಡು. ಚಿಪ್ಪಿನಲ್ಲಿ ಮೊಳೆತ ರಾಗಿ ಬೆಳಕಿನ ಕಡೆಗೇ ಬಾಗುತ್ತದೆ, ನೋಡು. ಒಂದು ದಿನ ಬಿಸ್ಕತ್ತಿನ ಡಬ್ಬಕ್ಕೆ ಸೂಜಿಯಿಂದ ತೂತು ಹಾಕಿ, ಇನ್ನೊಂದು ತುದಿಗೆ ಎಣ್ಣೆ ಸವರಿದ ಕಾಗದ ಅಂಟಿಸಿ, ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ಕಂಬಳಿಯೊಳಗೆ ತಲೆ ಹಾಕಿಸಿದರು. ಆ ಚೋಟುದ್ದದ ಕಾಗದದ ಮೇಲೆ ಶಾಲೆಯ ಹುಣಸೇಮರ, ಎಲೆ ಸಮೇತ, ಬುಡ ಮೇಲಾಗಿ ನಿಂತು ಗಾಳಿಗೆ ತೂಗುತ್ತಿತ್ತು. "ಬೆಳಕು ನೆಟ್ಟಗೇ ಪೋಗುಂ. ಮೇಲಿಂದ ಬಂದದ್ದು ಕೆಳಗೆ, ಕೆಳಗಿಂದ ಬಂದದ್ದು ಮೇಲೆ. ಡಬ್ಬವೇ ಬೇಕಂತಿಲ್ಲ, ಒಂದು ಇರುಟ್ಟು ಕೋಣೆ, ಒಂದು ತೂತು ಸಾಕು" ಎಂದರು. ಕತ್ತಲೆ ಕೋಣೆ ನಮ್ಮನೆಯಲ್ಲೇ ಇತ್ತಲ್ಲ. ರಾತ್ರಿಯೆಲ್ಲ ಅದನ್ನೇ ನೆನೆಯುತ್ತ ಮಲಗಿದೆ.

ಮಾರನೆಯ ದಿನ ಬಿಸಿಲು ಹಿತ್ತಲಿಗೆ ಬಿದ್ದ ಮೇಲೆ, ಅಕ್ಕನ ಪಕ್ಕ ಕೂತವಳು ಮೆಲ್ಲಗೆ ಎದ್ದು ಹೆಸರುಕಾಳಿನಷ್ಟಿದ್ದ ಒಂದು ತೂತಿನ ಬಟ್ಟೆ ಕಿತ್ತೆ. ಮೊದಲು ಏನೂ ಇಲ್ಲ. ಆಮೇಲೆ ಅಕ್ಕ ದಿಟ್ಟಿಸುತ್ತಿದ್ದ ಆ ಬಿಳಿ ಗೋಡೆಯ ಮೇಲೆ ನಮ್ಮ ಹಿತ್ತಲು ಮೂಡಿತು, ಬಣ್ಣ ಸಮೇತ. ಆಕಾಶ ಕೆಳಗೆ, ಬಣವೆ ಮೇಲೆ, ಕೋಳಿಗಳು ತಲೆಕೆಳಗಾಗಿ ಕೆದಕುತ್ತಿವೆ. ಎಮ್ಮೆಗೆ ಹುಲ್ಲು ಹಾಕಲು ಬಂದ ಅಜ್ಜಿ ಕಾಲು ಮೇಲೆ ಮಾಡಿಕೊಂಡು ಗೋಡೆಯ ಉದ್ದಕ್ಕೂ ಸರಸರ ನಡೆದುಹೋದಳು. ಅಕ್ಕ ನಕ್ಕುಬಿಟ್ಟಳು. ಆ ನಗು ಕೇಳಿ ನನಗೆ ಅಳು ಬಂತು.

ಅಜ್ಜಿಗೂ ಕೇಳಿಸಿತು. ಒಳಬಾಗಿಲಿಂದ ಓಡಿ ಬಂದವಳು ಗಾಳಿಯೇ ಹಿಡಿದಿದೆಯೆಂದು ಅಕ್ಕನ ಹಣೆ ಮುಟ್ಟಿದಳು. "ಏನ್ ಮಾಡ್ದೆ ಅಮ್ಮಿ?" ಎಂದು ನನ್ನ ಕಡೆ ತಿರುಗಿದವಳ ಕಣ್ಣು ಕತ್ತಲಿಗೆ ಹೊಂದಿಕೊಂಡಿತು. ಗೋಡೆಯ ಮೇಲೆ ಅಪ್ಪ ನೇಗಿಲು ಹೊತ್ತು ಬರುತ್ತಿದ್ದ. ಅಜ್ಜಿ ದೊಪ್ಪನೆ ಕೂತಳು. "ನನ್ ಮಗ ಯಾಕೆ ತಲೆಕೆಳಗಾಗವ್ನೆ?" ಎಂದಳು, ತೀರಾ ಸಣ್ಣ ದನಿಯಲ್ಲಿ. ಮೇಷ್ಟ್ರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅವಳಿಗೆ ಬೇಕಾಗಿದ್ದದ್ದು ಒಂದೇ, ಅದರಿಂದ ಗಾಳಿ ಬರುತ್ತದೋ ಇಲ್ಲವೋ. ಬತ್ತಿಯ ಹತ್ತಿಯಿಂದ ಒಂದು ಎಳೆ ಹಿರಿದು ತೂತಿನ ಮುಂದೆ ಹಿಡಿದು ಉಸಿರು ಕಟ್ಟಿ ನಿಂತಳು. ನಾವೂ ಉಸಿರು ಕಟ್ಟಿದೆವು. ಎಳೆ ಅಲುಗಲಿಲ್ಲ. "ಬೆಳಕೊಂದೇ ಬತ್ತಾ ಐತೆ. ಬರ್ಲಿ ಬಿಡು" ಎಂದಳು. ಶಾಲೆಯ ಮೆಟ್ಟಿಲು ಹತ್ತದ ನಮ್ಮಜ್ಜಿಯ ಆ ಪರೀಕ್ಷೆಯನ್ನು ನೆನೆದರೆ ನನಗೆ ಈಗಲೂ ಹೆಮ್ಮೆ.

ಮರುದಿನ ಹೊಲದಿಂದ ಬರುವಾಗ ಅಜ್ಜಿ ಒಂದು ರಾಗಿತೆನೆ ಕಿತ್ತು ತಂದು ತೂತಿನ ಎದುರಿಗೆ ನಿಂತಳು, ಬಿಸಿಲಲ್ಲಿ. ತೆನೆಯನ್ನು ಬೋರಲು ಹಿಡಿದಿದ್ದಳು, ದಂಟು ಮೇಲೆ, ತೆನೆ ಕೆಳಗೆ.

"ತಲೆಕೆಳಗಾಗಿ ಹಿಡ್ಕಂಡಿದೀಯಲ್ಲಜ್ಜಿ" ಎಂದು ನಾನು ಅಣಕಿಸಿದೆ.

"ಗೊತ್ತು ಸುಮ್ನಿರು. ನಾನು ಹೆಂಗಾನ ಕಾಣ್ಲಿ. ತೆನೆ ಅವ್ಳಿಗೆ ನೆಟ್ಟಗೆ ಕಾಣ್ಬೇಕು."

ಬಾಗಿಲ ಹಿಂದಿನಿಂದ ಅಕ್ಕನ ದನಿ ಬಂತು. ಎಷ್ಟೋ ದಿನದ ಮೇಲೆ ಅದೇ ಮೊದಲ ಮಾತು. "ನೆಟ್ಟಗೈತೆ ಕಣಜ್ಜಿ." ಅದರ ಹಿಂದೆಯೇ, "ಹಸಿವಾಯ್ತೈತೆ" ಎಂದಳು. ಅಜ್ಜಿ ತೆನೆ ಹಿಡಿದ ಕೈ ಇಳಿಸಲಿಲ್ಲ, ಮುದ್ದೆ ತರಲು ನನ್ನನ್ನೇ ಓಡಿಸಿದಳು. ಬಾಣಂತನ ಮುಗಿಯುವ ತನಕ ಅವಳು ದಿನಾ ಅಲ್ಲಿ ಏನಾದರೊಂದು ಬೋರಲು ಹಿಡಿದು ನಿಲ್ಲುತ್ತಿದ್ದಳು: ಅವರೆ ಹೂವು, ಹುಚ್ಚೆಳ್ಳಿನ ಗಿಡ, ಒಮ್ಮೆ ನನ್ನ ಸ್ಲೇಟು.

ಮೇಷ್ಟ್ರು ವರ್ಗವಾಗಿ ಹೋದರು. ಅಜ್ಜಿ ಹೋದಳು. ಮನೆ ಪಾಲಾಯಿತು, ಆ ಬಾಗಿಲು ಯಾರ ಒಲೆ ಸೇರಿತೋ ತಿಳಿಯದು. ಅಕ್ಕ ಮತ್ತೆ ಮೂರು ಮಕ್ಕಳನ್ನು ಹೆತ್ತು ಚೆನ್ನಾಗಿ ಬಾಳಿದಳು. ಕೊನೆಗಾಲಕ್ಕೆ ಅವಳ ಕಣ್ಣು ಪೂರ್ತಿ ಹೋಗಿತ್ತು, ಜನರ ಗುರುತೂ ಅಷ್ಟಕ್ಕಷ್ಟೇ. ನೋಡಲು ಹೋದವಳು ದಾರಿಯ ಹೊಲದಿಂದ ಒಂದು ರಾಗಿತೆನೆ ಕಿತ್ತುಕೊಂಡು ಹೋಗಿ ಅವಳ ಕೈಗಿಟ್ಟೆ. ಬೆರಳಿನಿಂದ ದಂಟು ಯಾವುದು, ತೆನೆ ಯಾವುದು ಎಂದು ತಡವಿ ನೋಡಿದಳು. ಆಮೇಲೆ ಅದನ್ನು ಬೋರಲು ಮಾಡಿ, ನನ್ನ ದನಿ ಬಂದ ಕಡೆಗೆ ಎತ್ತಿ ಹಿಡಿದು ಕೇಳಿದಳು:

"ನೆಟ್ಟಗೆ ಕಾಣ್ತೈತಾ?"